ಮೋಲಿಯ ದೆವ್ವ ಎಲ್ಲಿ ಹೋಯಿತು?

ಆ ಹಾಡನ್ನು ಒಬ್ಬರೇ ಹಾಡಿ ಮುಗಿಸಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ. ಎಲ್ಲರೂ ಸೇರಿ ಹಾಡಿದರು. ಅದೇ ಕಾಡಿದ್ದು. ಇಂಗ್ಲೆಂಡಿನ ಬಂದರು ಊರು ಗಾಸ್ಪೋರ್ಟಿನ ಒಂದು ಪಬ್ಬಿನ ಹಿಂದಿನ ಕೋಣೆಯಲ್ಲಿ ಹಳೆಯ ಹಾಡು ಹಾಡುವವರು ತಿಂಗಳಿಗೊಮ್ಮೆ ಸೇರುತ್ತಾರೆ. ಮೈಕಿಲ್ಲ, ವಾದ್ಯವೂ ಇಲ್ಲ. ಜತೆಗೆ ಕೆಲಸ ಮಾಡುವ ಗೆಳತಿ ಕರೆದಳು ಅಂತ ಸುಮ್ನೆ ಹೋಗಿದ್ದೆ. ಎಪ್ಪತ್ತು ದಾಟಿದ ಒಬ್ಬರು ಎದ್ದು ನಿಂತರು. ಒಂದು ಕೈ ಕುರ್ಚಿಯ ಬೆನ್ನಿಗೆ ಊರಿ, ಕಣ್ಣು ಮುಚ್ಚಿ ಶುರು ಮಾಡಿದರು. ವಿಲಿಯಂ ಅಂತ ಒಬ್ಬ ಹಡಗಿನ ಬಡಗಿ. ಪಾಲಿ ಅಂತ ಒಬ್ಬ ಹುಡುಗಿ. ಮದುವೆಗೆ ಮೊದಲು ಸ್ನೇಹಿತರನ್ನು ನೋಡಿಕೊಂಡು ಬರೋಣ ಬಾ ಅಂತ ಅವಳನ್ನು ಕರೆದುಕೊಂಡು ಹೊರಡುತ್ತಾನೆ. ತೋಪು ದಾಟುತ್ತಾರೆ, ಕಣಿವೆ ಇಳಿಯುತ್ತಾರೆ. ಅಲ್ಲಿ ಆಗಲೇ ತೋಡಿಟ್ಟ ಒಂದು ಗುಂಡಿ. ಪಕ್ಕದಲ್ಲಿ ಸಲಿಕೆ. ಪ್ರತಿ ಪದ್ಯದ ಕೊನೇ ಸಾಲನ್ನು ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಮತ್ತೊಮ್ಮೆ ಹಾಡುತ್ತಿದ್ದರು. ಚೂರಿ ಇಳಿಯುವ ಸಾಲನ್ನೂ ಹಾಗೇ ಹಾಡಿದರು. ಆಮೇಲೆ ಅವನು ಮಣ್ಣು ಮುಚ್ಚಿದ. ಗೋಳಾಡುವುದಕ್ಕೆ ಹಕ್ಕಿಗಳು ಮಾತ್ರ ಉಳಿದವು. ಹಾಡು ಮುಗಿಯಿತು. ಚಪ್ಪಾಳೆ ಬಿತ್ತು.

ನಾನು ಇರುವುದು ಎದುರು ದಡದ ಪೋರ್ಟ್ಸ್‌ಮತ್‌ನಲ್ಲಿ. ರಾತ್ರಿ ಫೆರಿ ಹತ್ತಿ ವಾಪಸ್ ಬಂದೆ. ಬಂದರು ದಾಟುವುದಕ್ಕೆ ನಾಲ್ಕೈದು ನಿಮಿಷ ಅಷ್ಟೇ. ಹಳೆಯ ಯುದ್ಧನೌಕೆಯ ಕಂಬಗಳು ಕತ್ತಲಲ್ಲಿ ನಿಂತಿದ್ದವು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಅವನು ಯಾಕೆ ಕೊಂದ? ಹಾಡಿನಲ್ಲಿ ಎಲ್ಲೂ ಕಾರಣ ಬರಲಿಲ್ಲ. ಜಗಳ ಇಲ್ಲ, ಅನುಮಾನ ಇಲ್ಲ, ಇನ್ನೊಬ್ಬಳು ಇಲ್ಲ. ಪ್ರೀತಿಸುತ್ತಾನೆ, ಕರೆದೊಯ್ಯುತ್ತಾನೆ, ಕೊಲ್ಲುತ್ತಾನೆ. ಮಳೆ ಬಂತು ಅನ್ನುವ ಹಾಗೆ ಅವಳು ಸತ್ತಳು. ಅಲ್ಲಿದ್ದ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ ಅನ್ನೋದು ನನಗೆ ಇನ್ನೂ ವಿಚಿತ್ರವಾಗಿ ಕಂಡಿತು.

ಹಾಳೆಯ ಮೇಲಿದ್ದ ಹುಡುಗಿ

ಮಾರನೇ ದಿನದಿಂದ ಹುಡುಕಲು ಕೂತೆ. ಈ ಹಾಡು ಮೊದಲು ಯಾರದೋ ಬಾಯಲ್ಲಿ ಹುಟ್ಟಿದ್ದಲ್ಲ, ಅಚ್ಚಾಗಿ ಮಾರಾಟವಾದದ್ದು ಅಂತ ಗೊತ್ತಾಯಿತು. ಬ್ರಾಡ್‌ಸೈಡ್ ಅಂದರೆ ಒಂದೇ ಬದಿ ಮುದ್ರಿಸಿದ ಹಾಳೆ. ಬೆಲೆ ಒಂದು ಪೆನ್ನಿಯ ಆಸುಪಾಸು. ಸಂತೆಯಲ್ಲಿ, ಜಾತ್ರೆಯಲ್ಲಿ, ಬೀದಿಯ ಮೂಲೆಯಲ್ಲಿ ನಿಂತು ಹಾಡುತ್ತಲೇ ಮಾರುತ್ತಿದ್ದರು. ಕೊಂಡವರು ಮನೆಯ ಗೋಡೆಗೆ, ಹೆಂಡದಂಗಡಿಯ ಗೋಡೆಗೆ ಅಂಟಿಸುತ್ತಿದ್ದರು. ಸ್ವರ ಅಚ್ಚು ಮಾಡುತ್ತಿದ್ದದ್ದು ಅಪರೂಪ. ಇಂಥ ಹಾಡಿನ ಮಟ್ಟು ಅಂತ ಮೇಲೆ ಒಂದು ಸಾಲು ಇರುತ್ತಿತ್ತು, ನಮ್ಮ ಕಂಪನಿ ನಾಟಕದ ಹಾಡಿನ ಪುಸ್ತಕಗಳಲ್ಲಿ ‘ಎಂಬ ಮಟ್ಟು’ ಅಂತ ಇರುತ್ತಿತ್ತಲ್ಲ, ಹಾಗೆ. ಜತೆಗೆ ಮರದ ಅಚ್ಚಿನ ಒಂದೆರಡು ಚಿತ್ರ. ಆ ಅಚ್ಚುಗಳನ್ನು ಮತ್ತೆ ಮತ್ತೆ ಬಳಸುತ್ತಿದ್ದರು. ಒಂದು ಹಾಳೆಯಲ್ಲಿ ಮದುವಣಗಿತ್ತಿಯಾಗಿ ನಿಂತ ಹೆಂಗಸೇ ಇನ್ನೊಂದು ಹಾಳೆಯಲ್ಲಿ ಮೋಸಹೋದ ಹುಡುಗಿ. ಅದೇ ಬಟ್ಟೆ, ಅದೇ ಕೈ, ಅದೇ ಮುಖ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನವರು ಇಂಥ ಸಾವಿರಾರು ಹಾಳೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾರೆ. ನಾನು ರಾತ್ರಿ ಊಟ ಆದ ಮೇಲೆ ಕೂತು ಒಂದೊಂದಾಗಿ ತೆಗೆದು ನೋಡುತ್ತಿದ್ದೆ. ಅಂಚು ಹರಿದಿರುತ್ತದೆ, ಶಾಯಿ ಹರಡಿರುತ್ತದೆ, ಮರದ ಅಚ್ಚಿನಲ್ಲಿ ಹುಳ ಕೊರೆದ ತೂತು ಚಿತ್ರದಲ್ಲಿ ಬಿಳೀ ಚುಕ್ಕಿಯಾಗಿ ಬಿದ್ದಿರುತ್ತದೆ. ಇವುಗಳಲ್ಲಿ ಅತಿ ದೊಡ್ಡ ಸಂಗ್ರಹಗಳಲ್ಲಿ ಒಂದು ಸ್ಯಾಮುಯೆಲ್ ಪೀಪ್ಸ್ ಅವರದು. ಇಂಗ್ಲೆಂಡಿನ ನೌಕಾಪಡೆಯ ಆಡಳಿತ ನೋಡುತ್ತಿದ್ದ ದೊಡ್ಡ ಅಧಿಕಾರಿ, ಬರೆದಿಟ್ಟ ದಿನಚರಿಗೆ ಹೆಸರಾದವರು. 1,800ಕ್ಕೂ ಜಾಸ್ತಿ ಹಾಳೆಗಳನ್ನು ಐದು ಸಂಪುಟದಲ್ಲಿ ಕಟ್ಟಿಸಿಟ್ಟರು. ಈಗಲೂ ಕೇಂಬ್ರಿಡ್ಜಿನ ಮ್ಯಾಗ್ಡಲೀನ್ ಕಾಲೇಜಿನಲ್ಲಿವೆ. ಬೀದಿಯ ಹಾಡನ್ನು ಒಬ್ಬ ದೊಡ್ಡ ಮನುಷ್ಯ ಜೋಪಾನ ಮಾಡಿದ್ದಕ್ಕೆ ನನಗೆ ನಿಜಕ್ಕೂ ಕೃತಜ್ಞತೆ ಇದೆ.

ಪಬ್ಬಿನಲ್ಲಿ ಕೇಳಿದ ಹಾಡಿನ ಮೂಲ ಪೀಪ್ಸ್ ತೀರಿಕೊಂಡ ಮೇಲಿನದು. 18ನೇ ಶತಮಾನದ ಮೊದಲರ್ಧದ ಹಾಳೆ. ಹೆಸರು ‘ಗಾಸ್ಪೋರ್ಟ್ ಟ್ರಾಜಿಡಿ’. ನಾನು ಹಾಡು ಕೇಳಿದ ಊರಿನದೇ ಹಾಡು! ಆದರೆ ಇದರಲ್ಲಿ ಹುಡುಗಿಯ ಹೆಸರು ಪಾಲಿ ಅಲ್ಲ, ಮೋಲಿ. ಓದುತ್ತಾ ಹೋದ ಹಾಗೆ ನನಗೆ ಬೇರೆ ಯಾರೋ ಎದುರಿಗೆ ಬಂದು ನಿಂತ ಹಾಗಾಯಿತು. ಈ ಮೋಲಿ ಮಾತಾಡುತ್ತಾಳೆ. ವಿಲಿಯಂ ಮದುವೆಯ ಮಾತೆತ್ತಿದ ಕೂಡಲೇ ಒಪ್ಪುವುದಿಲ್ಲ. ನನಗಿನ್ನೂ ವಯಸ್ಸು ಸಣ್ಣದು ಅನ್ನುತ್ತಾಳೆ. ಗಂಡಸರ ಮನಸ್ಸು ನಿಲ್ಲುವುದಿಲ್ಲ, ಎಂಥ ಚೆಲುವೆಯಾದರೂ ಕೈಗೆ ಸಿಕ್ಕ ಮೇಲೆ ಅವಳ ಚೆಲುವು ಬೇಡವಾಗುತ್ತದೆ ಅನ್ನುತ್ತಾಳೆ. ಅಂದರೆ ಮುಂದೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನಂಬಿದಳು. ಆಮೇಲೆ ಬಸುರಿಯಾದಳು. ಅವನಿಗೆ ಹೇಳಿ ಕಳಿಸಿದಳು. ಅವನು ದೇವರ ಮೇಲೆ ಆಣೆ ಇಟ್ಟು ಕೈಬಿಡುವುದಿಲ್ಲ ಅಂದ. ಆಮೇಲೆ ರಾಜನ ಹಡಗಿಗೆ ಜನ ಬೇಕು ಅಂತ ಬಂತು. ಅವನು ಸಮುದ್ರಕ್ಕೆ ಹೊರಡಬೇಕು. ಆಮೇಲೆ ಆ ನಡಿಗೆ.

ನಡಿಗೆಯ ಭಾಗವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ದಾರಿಯಲ್ಲೇ ಅವಳಿಗೆ ಅನುಮಾನ ಬರುತ್ತದೆ. ನನ್ನ ಜೀವ ತೆಗೆಯುವುದಕ್ಕೇ ಕರೆದುಕೊಂಡು ಬಂದಿದ್ದೀಯ ಅನ್ನಿಸ್ತಿದೆ ಅನ್ನುತ್ತಾಳೆ. ಅವನು ಸುಳ್ಳು ಕೂಡ ಹೇಳುವುದಿಲ್ಲ. ಹೌದು, ರಾತ್ರಿಯೆಲ್ಲಾ ನಿನ್ನ ಗುಂಡಿಯನ್ನೇ ತೋಡುತ್ತಿದ್ದೆ ಅನ್ನುತ್ತಾನೆ. ಅವಳು ಗುಂಡಿ ನೋಡುತ್ತಾಳೆ, ಸಲಿಕೆ ನೋಡುತ್ತಾಳೆ. ನಿನ್ನಿಂದ ನಾನು ಬಯಸಿದ ಮದುವೆಯ ಹಾಸಿಗೆ ಇದೇನಾ ಅಂತ ಕೇಳುತ್ತಾಳೆ. ಹೊಟ್ಟೆಯಲ್ಲಿರುವ ಮಗುವಿಗಾಗಿ ಬೇಡಿಕೊಳ್ಳುತ್ತಾಳೆ. ಕೊನೆಗೆ ಒಂದು ಮಾತು ಹೇಳುತ್ತಾಳೆ. ನಿನ್ನ ಹೆಂಡತಿ ಆಗದಿದ್ದರೆ ಬೇಡ, ನಾಚಿಕೆ ಹೊತ್ತುಕೊಂಡೇ ಬದುಕುತ್ತೇನೆ, ಜೀವ ಒಂದು ಬಿಡು. ಈ ಸಾಲಿಗೆ ಆಮೇಲೆ ಮತ್ತೆ ಬರುತ್ತೇನೆ. ಅದನ್ನು ದಾಟಿ ಹೋಗುವುದು ನನಗೆ ಆಗುತ್ತಿಲ್ಲ.

ಪಬ್ಬಿನಲ್ಲಿ ಹಾಡು ನಿಂತಲ್ಲಿ ಹಾಳೆ ನಿಲ್ಲುವುದಿಲ್ಲ. ವಿಲಿಯಂ ಬೆಡ್‌ಫರ್ಡ್ ಅನ್ನುವ ಹಡಗು ಹತ್ತುತ್ತಾನೆ. ಒಂದು ರಾತ್ರಿ ಚಾರ್ಲ್ಸ್ ಸ್ಟೂವರ್ಟ್ ಅನ್ನುವ ನಾವಿಕ ಹಡಗಿನ ಕೆಳಗಿಳಿಯುತ್ತಾನೆ. ಕತ್ತಲಲ್ಲಿ ಒಬ್ಬ ಚೆಲುವೆ ನಿಂತಿದ್ದಾಳೆ. ಕೈಯಲ್ಲಿ ಕೂಸು. ಇವನು ತಬ್ಬಿಕೊಳ್ಳಲು ಹೋದರೆ ಮಾಯವಾಗುತ್ತಾಳೆ. ಸುದ್ದಿ ಕ್ಯಾಪ್ಟನ್‌ಗೆ ಹೋಗುತ್ತದೆ. ಹಡಗಿನಲ್ಲಿ ಯಾರೋ ಕೊಲೆಗಾರ ಇದ್ದಾನೆ ಅಂತ ಅವನಿಗೆ ಖಾತ್ರಿಯಾಗುತ್ತದೆ. ಕೊನೆಗೆ ವಿಲಿಯಂ ಒಪ್ಪಿಕೊಳ್ಳುತ್ತಾನೆ, ಹುಚ್ಚು ಹಿಡಿದು ಸಾಯುತ್ತಾನೆ. ಅವಳ ಅಪ್ಪ ಅಮ್ಮ ಹುಡುಕಿ ಹೆಣ ತೆಗೆಸಿ ಮಣ್ಣು ಮಾಡುತ್ತಾರೆ.

ಕೂಸು ಹೊತ್ತ ಆ ದೆವ್ವ ಗಾಸ್ಪೋರ್ಟಿನ ಪಬ್ಬಿಗೆ ಬರಲೇ ಇಲ್ಲ. ಮಧ್ಯದ ಮುನ್ನೂರು ವರ್ಷದಲ್ಲಿ ಅವಳನ್ನು ಯಾರು ಬಿಟ್ಟು ಬಂದರು?

ಕಾರಣ ಸವೆದು ಹೋದದ್ದು

ಇದೊಂದು ಹಾಡಿನ ಕತೆ ಮಾತ್ರ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಪೀಪ್ಸ್ ಸಂಗ್ರಹದಲ್ಲಿ 1684ರ ಒಂದು ಹಾಳೆ ಇದೆ, ‘ಬ್ಲಡಿ ಮಿಲ್ಲರ್’. ಶ್ರೂಸ್‌ಬರಿ ಹತ್ತಿರದ ಒಂದು ಹಿಟ್ಟಿನ ಗಿರಣಿಯ ಆಳು ಫ್ರಾನ್ಸಿಸ್ ಕೂಪರ್. ಆನ್ ನಿಕೋಲ್ಸ್ ಅನ್ನುವವಳ ಜತೆ ಎರಡು ವರ್ಷ ಓಡಾಡಿದ. ಅವಳು ಬಸುರಿಯಾದಳು. ಮದುವೆಯಾಗು ಅಂತ ಅವಳ ಅಪ್ಪ ಪಟ್ಟು ಹಿಡಿದರು. ಅವನು ಅವಳನ್ನೇ ಕೊಂದ. ಇಷ್ಟೂ ವಿಷಯ ತಲೆಬರಹದಲ್ಲೇ ಇದೆ. ಆಗಿನ ತಲೆಬರಹಗಳು ಅಷ್ಟುದ್ದ ಇರುತ್ತಿದ್ದವು. 18ನೇ ಶತಮಾನದಲ್ಲಿ ಅದೇ ಬಗೆಯ ಇನ್ನೊಂದು ಹಾಳೆ ಬಂತು, ‘ಬರ್ಕ್‌ಷೈರ್ ಟ್ರಾಜಿಡಿ’. ಆಕ್ಸ್‌ಫರ್ಡ್ ಪಕ್ಕದ ವಿಟಂನ ಗಿರಣಿಯವನು. 44 ಪದ್ಯಗಳ ಉದ್ದದ ಹಾಡು. ಇಲ್ಲೂ ಮದುವೆಯ ಮಾತು ಕೊಡುತ್ತಾನೆ, ಇಲ್ಲೂ ಅವಳು ಬಸುರಿ, ಇಲ್ಲೂ ಸಂಜೆಯ ನಡಿಗೆ. ಬೇಲಿಯಿಂದ ಕೋಲು ಕಿತ್ತು ಹೊಡೆದು ಹೊಳೆಗೆ ಎಸೆಯುತ್ತಾನೆ. ಮೈಮೇಲೆ ರಕ್ತ ಯಾಕೆ ಅಂತ ಕೇಳಿದರೆ ಮೂಗಿನಿಂದ ಬಂತು ಅನ್ನುತ್ತಾನೆ.

ಈ ಹಾಡು ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಟೆನೆಸ್ಸಿಯ ನಾಕ್ಸ್‌ವಿಲ್ ಊರಿನ ಹುಡುಗಿಯ ಹಾಡಾಯಿತು. ಮೂಗಿನ ರಕ್ತದ ಸುಳ್ಳು ಹಾಗೇ ಉಳಿದುಕೊಂಡಿತು. ಕೋಲು ಉಳಿಯಿತು, ಹೊಳೆ ಉಳಿಯಿತು. ಬಸುರು ಹೋಯಿತು. ಮದುವೆಯ ಮಾತು ಹೋಯಿತು. ಊರಾಚೆ ಒಂದು ಮೈಲಿ ನಡೆದರು, ಅವನು ನೆಲದಿಂದ ಕೋಲೆತ್ತಿ ಹೊಡೆದ, ಅಷ್ಟೇ. ಮೋಲಿಯ ಹಾಡೂ ಸಮುದ್ರ ದಾಟಿತು. ಅಪಲಾಚಿಯ ಬೆಟ್ಟಗಳಲ್ಲಿ ಬ್ಯಾಂಜೋಗೆ ಹೊಂದಿಕೊಂಡಿತು. 1916ರಿಂದ 1918ರವರೆಗೆ ಸೆಸಿಲ್ ಶಾರ್ಪ್ ಮತ್ತು ಮಾಡ್ ಕಾರ್ಪೆಲೆಸ್ ಆ ಬೆಟ್ಟಗಳಲ್ಲಿ ಹಾಡು ಬರೆದುಕೊಳ್ಳುತ್ತಾ ಅಲೆದಾಗ ಅವರಿಗೂ ಇದು ಸಿಕ್ಕಿತು. ಅಲ್ಲಿನ ಎಷ್ಟೋ ಪಾಠಗಳಲ್ಲಿ, ಅಂದರೆ ಹಾಡಿನ ಬೇರೆ ಬೇರೆ ರೂಪಗಳಲ್ಲಿ, ರಾತ್ರಿಯೆಲ್ಲಾ ಗುಂಡಿ ತೋಡಿದೆ ಅನ್ನುವ ಮಾತು ಮಾತ್ರ ಗಟ್ಟಿಯಾಗಿ ನಿಂತಿದೆ. ಬಸುರೂ ಇಲ್ಲ, ದೆವ್ವವೂ ಇಲ್ಲ. ಇಂಗ್ಲೆಂಡಿನಲ್ಲೂ 19ನೇ ಶತಮಾನದ ಮುದ್ರಕರು ಉದ್ದದ ಹಾಡುಗಳನ್ನು ಸಣ್ಣ ಚೀಟಿಗಳಿಗೆ ಹೊಂದುವ ಹಾಗೆ ಕತ್ತರಿಸಿದರು. ಕಡಿಮೆ ಕಾಗದ, ಕಡಿಮೆ ಖರ್ಚು. ಆ ಮುದ್ರಕರಿಗೆ ಹೊಟ್ಟೆಪಾಡು ಇತ್ತು, ಅದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಕತ್ತರಿ ಹಾಕುವಾಗ ಕೋಲು, ಚೂರಿ, ಗುಂಡಿ ಬೇಕು ಅನ್ನಿಸಿತು. ಅವಳ ಮಾತು ಬೇಡ ಅನ್ನಿಸಿತು. ಇದು ಕಾಗದದ ಲೆಕ್ಕ ಮಾತ್ರ ಅಲ್ಲ ಅಲ್ವಾ?

ಇಂಗ್ಲೆಂಡಿನ ಕೆಲವು ಪಾಠಗಳಲ್ಲಿ ದೆವ್ವ ಉಳಿದುಕೊಂಡಿದೆ, ಒಂದರಲ್ಲಿ ಸಿಟ್ಟಿನಿಂದ. ಗಾಸ್ಪೋರ್ಟಿನ ಬದಲು ವೂಸ್ಟರ್ ಊರಿನಲ್ಲಿ ಶುರುವಾಗುವ ಆ ಹಾಡಿನಲ್ಲಿ ದೆವ್ವವೇ ಹಡಗಿಗೆ ಬಂದು ಅವನನ್ನು ಸಿಗಿದು ಮೂರು ತುಂಡು ಮಾಡುತ್ತದೆ. ಅದನ್ನು ಓದಿದ ದಿನ ನನಗೆ ಸಮಾಧಾನವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಕಾಲು ಜಾರಿದವಳು

ಈ ಹಾಡುಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಾಗ ಮೊದಲು ಎಡವಿದ್ದು ಒಂದು ಪದದ ಮೇಲೆ. ಗಂಡು ಹೆಣ್ಣನ್ನು ಒಲಿಸಿ, ನಂಬಿಸಿ, ಆಮೇಲೆ ಬಿಡುವುದಕ್ಕೆ ನಮ್ಮಲ್ಲಿ ಏನು ಅನ್ನುತ್ತೇವೆ? ‘ಕೆಡಿಸಿದ’ ಅನ್ನುತ್ತೇವೆ. ಹಾಲು ಕೆಟ್ಟ ಹಾಗೆ ಅವಳು ಕೆಟ್ಟಳು, ಅವನು ಹಾಗೇ ಇದ್ದಾನೆ. ಇಲ್ಲದಿದ್ದರೆ ‘ಕಾಲು ಜಾರಿದಳು’ ಅನ್ನುತ್ತೇವೆ. ಇದರಲ್ಲಿ ಅವನು ಇಲ್ಲವೇ ಇಲ್ಲ. ಅವಳು ಒಬ್ಬಳೇ ನಡೆಯುತ್ತಿದ್ದಳು, ಒಬ್ಬಳೇ ಜಾರಿದಳು. 1603ರಲ್ಲಿ ಲಂಡನ್ನಿನ ಮುದ್ರಕರ ಸಂಘದ ದಾಖಲೆಯಲ್ಲಿ ನೋಂದಾಯಿಸಿದ ಒಂದು ಬ್ಯಾಲಡ್, ಅಂದರೆ ಕತೆ ಹೇಳುವ ಹಾಡು, ಇದೆ. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಹೆಣ್ಣುಮಗಳೊಬ್ಬಳು ಬಿದ್ದದ್ದು’ ಅಂತಲೇ ಆಗುತ್ತದೆ. ಅಲ್ಲೂ ಬಿದ್ದವಳು ಅವಳೇ. ದೊಡ್ಡ ಮನೆತನದ ಹುಡುಗಿ. ಮಾತು ಕೊಟ್ಟವನು ಇಂಥ ದಿನ ಬಂದು ಕರೆದೊಯ್ಯುತ್ತೇನೆ ಅನ್ನುತ್ತಾನೆ. ಅವಳು ಕಾಯುತ್ತಾಳೆ. ಅವನು ಬರುವುದಿಲ್ಲ. ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಹೋಗುತ್ತಾರೆ. ಸುದ್ದಿ ಕೇಳಿ ಅವನೂ ಕತ್ತಿಗೆ ಎದೆ ಕೊಡುತ್ತಾನೆ. ಕೊನೆಗೆ ಹಾಡು ತಿರುಗಿ ಯಾರಿಗೆ ಬುದ್ಧಿ ಹೇಳುತ್ತದೆ ಗೊತ್ತಾ? ಹೆಣ್ಣುಮಕ್ಕಳಿಗೆ. ಸಿಹಿ ಮಾತಿಗೆ ಮರುಳಾಗಬೇಡಿ, ನಿಮ್ಮ ಹೆಸರು ಕಾಪಾಡಿಕೊಳ್ಳಿ ಅಂತ. ಜನರಿಗೆ ಈ ಹಾಡು ಎಷ್ಟು ಹಿಡಿಸಿತು ಅಂದರೆ ಅದರ ಹೆಸರೇ ಒಂದು ಮಟ್ಟಿನ ಹೆಸರಾಯಿತು. ಬೇರೆ ದುಃಖದ ಹಾಡುಗಳ ಮೇಲೂ ‘ಇದೇ ಮಟ್ಟು’ ಅಂತ ಅಚ್ಚಾಯಿತು. ಅಲ್ಲಿಗೆ ಮೊದಲ ಸ್ವರ ಕಿವಿಗೆ ಬಿದ್ದ ಕೂಡಲೇ ಇದು ಹೆಣ್ಣು ಹಾಳಾಗುವ ಕತೆ ಅಂತ ಸಂತೆಗೆ ಸಂತೆಯೇ ತಿಳಿಯುತ್ತಿತ್ತು.

ಗಿರಣಿಯವರ ಹಾಡುಗಳಲ್ಲಿ ಕತೆ ಹೇಳುವವನು ಕೊಲೆಗಾರನೇ. ಪ್ರೀತಿಸುವವರೆಲ್ಲ ನನ್ನನ್ನು ನೋಡಿ ಕಲಿಯಿರಿ ಅಂತ ಅವನೇ ಶುರು ಮಾಡುತ್ತಾನೆ. ನೇಣಿಗೆ ಹೋಗುವವನ ಕೊನೇ ಮಾತು ಅನ್ನುವ ರೀತಿಯ ಹಾಳೆಗಳು ತುಂಬ ಮಾರಾಟವಾಗುತ್ತಿದ್ದವು. ಅವನು ಅಳುತ್ತಾನೆ, ಪಶ್ಚಾತ್ತಾಪ ಪಡುತ್ತಾನೆ, ತನ್ನ ಅಪ್ಪ ಅಮ್ಮನನ್ನು ನೆನೆಯುತ್ತಾನೆ. ಕೇಳುವವರ ಕಣ್ಣೀರು ಅವನಿಗೂ ಸ್ವಲ್ಪ ಸಲ್ಲುತ್ತದೆ. ಅವಳು ಸತ್ತಿದ್ದಾಳಲ್ಲ, ಅವಳು ಹೇಗೆ ಕತೆ ಹೇಳಬೇಕು? ಇಲ್ಲಿ ನನಗೆ ದೆವ್ವದ ಅರ್ಥ ಆಯಿತು. ಸತ್ತವಳು ಹಾಡಿನೊಳಗೆ ಮತ್ತೆ ಬರಬೇಕು ಅಂದರೆ ದೆವ್ವವಾಗಿಯೇ ಬರಬೇಕು. ಬೇರೆ ಬಾಗಿಲಿಲ್ಲ. ಕೈಯಲ್ಲಿ ಕೂಸು ಹಿಡಿದು ಅವಳು ಹಡಗಿನ ಕತ್ತಲಲ್ಲಿ ನಿಂತದ್ದು ಹೆದರಿಸುವುದಕ್ಕಲ್ಲ. ಅವಳೇ ದೂರು, ಅವಳೇ ಸಾಕ್ಷಿ. ಕಾರಣ ಕೈಯಲ್ಲೇ ಇದೆ, ನೋಡಿ ಅಂತ. ಆ ಪದ್ಯಗಳನ್ನು ತೆಗೆದರೆ ಕೋರ್ಟಿನಿಂದ ದೂರುದಾರಳನ್ನೇ ಹೊರಗೆ ಕಳಿಸಿದ ಹಾಗೆ.

‘ನಂಬಿಸಿ ಕತ್ತು ಕೊಯ್ದ’ ಅಂತ ನಾವು ದಿನಾ ಅನ್ನುತ್ತೇವೆ, ಹಣದ ವಿಷಯಕ್ಕೆ, ಪಾಲುದಾರಿಕೆ ವಿಷಯಕ್ಕೆ. ಈ ಹಾಳೆಗಳನ್ನು ಓದಿದ ಮೇಲೆ ನನ್ನ ಬಾಯಿಗೆ ಆ ಮಾತು ಅಷ್ಟು ಸಲೀಸಾಗಿ ಬರುತ್ತಿಲ್ಲ.

ಅವಳು ನಂಬಿದ್ದು ತಪ್ಪಾ?

ಮೋಲಿಯನ್ನು ಪೆದ್ದಿ ಅನ್ನುವುದು ಸುಲಭ. ಮಾತು ನಂಬಿ ಯಾಕೆ ಹೋದಳು ಅನ್ನಬಹುದು. ಆದರೆ ಅವಳ ಕಾಲದ ಇಂಗ್ಲೆಂಡಿನಲ್ಲಿ ಮಾತು ಅಂದರೆ ಬರೀ ಮಾತಾಗಿರಲಿಲ್ಲ. 1753ರಲ್ಲಿ ಮದುವೆಯ ಕಾನೂನು ಬದಲಾಗುವವರೆಗೆ, ಮುಂದೆ ಮದುವೆಯಾಗುತ್ತೇವೆ ಅಂತ ಗಂಡು ಹೆಣ್ಣು ಮಾತು ಕೊಟ್ಟುಕೊಂಡು ಕೂಡಿದರೆ ಚರ್ಚಿನ ಕಾನೂನು ಅದನ್ನು ಮದುವೆ ಅಂತಲೇ ಎಣಿಸುತ್ತಿತ್ತು. ಪಾದ್ರಿ ಇಲ್ಲದಿದ್ದರೂ ಸರಿ. ಕಷ್ಟ ಇದ್ದದ್ದು ರುಜುವಾತಿನಲ್ಲಿ. ಇಬ್ಬರೇ ಇದ್ದಾಗ ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಊರಿನ ರೂಢಿಯೂ ಅವಳ ಕಡೆಗೇ ಇತ್ತು. ಚರ್ಚಿನ ಮದುವೆ ಪುಸ್ತಕ, ನಾಮಕರಣದ ಪುಸ್ತಕ ಎರಡನ್ನೂ ಹೋಲಿಸಿ ನೋಡಿದ ಇತಿಹಾಸಕಾರರ ಲೆಕ್ಕದಲ್ಲಿ ಆ ಶತಮಾನದ ಇಂಗ್ಲೆಂಡಿನ ಮದುಮಗಳರಲ್ಲಿ ಸುಮಾರು ಮೂವರಲ್ಲಿ ಒಬ್ಬಳು ಮದುವೆಯ ದಿನವೇ ಬಸುರಿ. ಮಾತಾಯಿತು, ಜತೆಯಾದರು, ಬಸುರಾಯಿತು, ಚರ್ಚಿಗೆ ಹೋದರು. ಎಷ್ಟೋ ಸಾವಿರ ಜನಕ್ಕೆ ಹೀಗೇ ಸರಾಗವಾಗಿ ನಡೆದು ಹೋಯಿತು. ಅವರ ಮೇಲೆ ಯಾರೂ ಹಾಡು ಕಟ್ಟಲಿಲ್ಲ. ಮೋಲಿ ಮಾಡಿದ್ದೂ ಅದನ್ನೇ. ಅವನು ಮಾತಿಗೆ ತಪ್ಪಿದ. ವ್ಯತ್ಯಾಸ ಅಷ್ಟೇ.

ತಪ್ಪಿದರೆ ಏನಾಗುತ್ತಿತ್ತು? 1610ರ ಕಾನೂನಿನ ಪ್ರಕಾರ ಮದುವೆಯಿಲ್ಲದೆ ಹೆತ್ತು ಆ ಮಗು ಪ್ಯಾರಿಷ್ಷಿನ, ಅಂದರೆ ಊರಿನ ಚರ್ಚು ವ್ಯಾಪ್ತಿಯ, ಖರ್ಚಿಗೆ ಬಿದ್ದರೆ ತಾಯಿಯನ್ನು ಒಂದು ವರ್ಷ ತಿದ್ದುಮನೆಗೆ, ಅಂದರೆ ದುಡಿಸುವ ಜೈಲಿಗೆ, ಹಾಕಬಹುದಿತ್ತು. ಅಪ್ಪನ ಮೇಲೆ ಮಗುವಿನ ಖರ್ಚು ಹೊರಿಸಬಹುದಿತ್ತು. 1624ರ ಕಾನೂನು ಇನ್ನೂ ಕ್ರೂರ. ಮದುವೆಯಾಗದವಳು ಹೆತ್ತ ಕೂಸಿನ ಸಾವನ್ನು ಮುಚ್ಚಿಟ್ಟರೆ ಅವಳೇ ಕೊಂದಳು ಅಂತ ಲೆಕ್ಕ. ಸತ್ತೇ ಹುಟ್ಟಿತು ಅಂತ ಸಾಕ್ಷಿ ತರುವ ಹೊರೆ ಅವಳದೇ. ಗುಟ್ಟಾಗಿ ಹೆತ್ತವಳಿಗೆ ಸಾಕ್ಷಿ ಎಲ್ಲಿರುತ್ತದೆ? ಈ ಕಾನೂನು 1803ರವರೆಗೆ ಇತ್ತು. ಕೂಸನ್ನು ಕೊಂದ ಮನೆಗೆಲಸದವರ ಮೇಲೆ ಬ್ಯಾಲಡ್‌ಗಳು ಬಂದವು. 1634ರಲ್ಲಿ ಮಾರ್ಟಿನ್ ಪಾರ್ಕರ್ ಬರೆದ ಒಂದು ಹಾಳೆ ಅಂಥವಳನ್ನು ತಾಯಿಯಲ್ಲ, ರಾಕ್ಷಸಿ ಅಂತ ತಲೆಬರಹದಲ್ಲೇ ಕರೆಯುತ್ತದೆ. ಈಗ ಮೋಲಿಯ ಮಾತನ್ನು ಮತ್ತೆ ಓದಿ. ನಾಚಿಕೆ ಹೊತ್ತುಕೊಂಡೇ ಬದುಕುತ್ತೇನೆ, ಜೀವ ಒಂದು ಬಿಡು. ಅವಳು ಸುಮ್ಮನೆ ಗೋಗರೆಯುತ್ತಿಲ್ಲ. ತಿದ್ದುಮನೆ, ಊರವರ ಮಾತು, ಅಪ್ಪನಿಲ್ಲದ ಮಗು, ಎಲ್ಲವೂ ನನಗಿರಲಿ ಅಂತ ತಾನೇ ಹೊರಲು ಮುಂದಾಗಿದ್ದಾಳೆ. ಅವನು ಅದಕ್ಕೂ ಒಪ್ಪಲಿಲ್ಲ.

ಇದೇ 1624ರ ಕಾನೂನಿಗೆ ಸಿಕ್ಕವಳು ಆನ್ ಗ್ರೀನ್. ಆಕ್ಸ್‌ಫರ್ಡ್‌ಷೈರಿನ ದೊಡ್ಡ ಮನೆಯೊಂದರ ಕೆಲಸದ ಹುಡುಗಿ. ಯಜಮಾನನ ಮೊಮ್ಮಗನಿಂದ ಬಸುರಿಯಾದಳು. ದಿನ ತುಂಬುವ ಮೊದಲೇ ಹೆರಿಗೆಯಾಗಿ ಕೂಸು ಉಳಿಯಲಿಲ್ಲ. 1650ರ ಡಿಸೆಂಬರ್ 14ರಂದು ಅವಳನ್ನು ಆಕ್ಸ್‌ಫರ್ಡ್‌ನಲ್ಲಿ ನೇಣಿಗೆ ಹಾಕಿದರು. ಸತ್ತಳು ಅಂತ ಪೆಟ್ಟಿಗೆಯಲ್ಲಿಟ್ಟು ದೇಹ ಕೊಯ್ದು ಪಾಠ ಮಾಡಲು ವೈದ್ಯರ ಬಳಿ ಸಾಗಿಸಿದರು. ವಿಲಿಯಂ ಪೆಟ್ಟಿ, ಥಾಮಸ್ ವಿಲಿಸ್ ಪೆಟ್ಟಿಗೆ ತೆಗೆದರೆ ಉಸಿರಾಡುತ್ತಿದ್ದಾಳೆ! ಆರೈಕೆ ಮಾಡಿ ಬದುಕಿಸಿದರು. ಶಿಕ್ಷೆ ಮಾಫಿಯಾಯಿತು. ಆಮೇಲೆ ಮದುವೆಯಾಗಿ ಮಕ್ಕಳನ್ನೂ ಹೆತ್ತಳು. ಅವಳ ಬಗ್ಗೆ ಪುಸ್ತಕ ಬಂತು. ಆಕ್ಸ್‌ಫರ್ಡಿನ ಓದಿದ ಗಂಡಸರು ಅವಳ ಮೇಲೆ ಲ್ಯಾಟಿನ್‌ನಲ್ಲಿ, ಇಂಗ್ಲಿಷಿನಲ್ಲಿ ಪದ್ಯ ಬರೆದು ಅದಕ್ಕೆ ಸೇರಿಸಿದರು. ನಿಜವಾಗಲೂ ಸಾವಿನಿಂದ ಎದ್ದು ಬಂದವಳು ಅವಳು. ಅವಳ ಕತೆಯನ್ನೂ ಬೇರೆಯವರೇ ಬರೆದರು.

ಹಡಗಿನ ಕಾಗದಪತ್ರ

ಮೋಲಿ ನಿಜವಾಗಿ ಇದ್ದಳಾ? ಡೇವಿಡ್ ಫೌಲರ್ ಅನ್ನುವ ವಿದ್ವಾಂಸರು 1979ರಲ್ಲಿ ಈ ಹಾಡಿನ ಜಾಡು ಹಿಡಿದು ಒಂದು ಲೇಖನ ಪ್ರಕಟಿಸಿದರು. ಬೆಡ್‌ಫರ್ಡ್ ಅನ್ನುವ ಹಡಗು ನಿಜವಾಗಿ ಇತ್ತು. ಅದರ ಬಡಗಿ 1726ರಲ್ಲಿ ತೀರಿಕೊಂಡಿದ್ದ. ಅವನ ಹೆಸರು ವಿಲಿಯಂ ಅಲ್ಲ, ಜಾನ್. ಹಾಡು ಹುಟ್ಟಿದ್ದು ಅವನ ಸಾವಿನ ಸುತ್ತ ಇರಬಹುದು ಅಂತ ಅವರ ಊಹೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ನೌಕಾಪಡೆ ಸಂಬಳ ಕೊಡಬೇಕಲ್ಲ, ಅದಕ್ಕೆ ಯಾರು ಹಡಗು ಹತ್ತಿದರು, ಯಾರು ಸತ್ತರು ಅಂತ ಪ್ರತಿಯೊಬ್ಬನ ಹೆಸರು ಬರೆದಿಡುತ್ತಿತ್ತು. ಬಡಗಿಗೆ ಒಂದು ಸಾಲು ಸಿಕ್ಕಿತು, ದಿನಾಂಕ ಸಿಕ್ಕಿತು. ಮೋಲಿಗೆ ಯಾವ ಪುಸ್ತಕದಲ್ಲೂ ಸಾಲು ಸಿಗಲಿಲ್ಲ. ಅವಳು ಇದ್ದರೆ ಇದ್ದದ್ದು ಆ ಒಂದು ಪೆನ್ನಿಯ ಹಾಳೆಯಲ್ಲಿ ಮಾತ್ರ. ಆ ಹಾಳೆಯಿಂದಲೂ ಒಂದೊಂದೇ ಪದ್ಯ ಉದುರಿ ಹೋಯಿತು.

ಹೀಗೆ ಸಿಟ್ಟು ತುಂಬಿಕೊಂಡೇ ಮುಂದಿನ ತಿಂಗಳು ಮತ್ತೆ ಆ ಪಬ್ಬಿಗೆ ಹೋದೆ. ಹಳೆಯ ಹಾಳೆಯ ಪ್ರಿಂಟ್ ಬ್ಯಾಗಿನಲ್ಲಿತ್ತು. ನನ್ನ ಪಕ್ಕ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಮಡಿಲಲ್ಲಿ ಹೆಣೆಯುವ ಉಣ್ಣೆ. ಹಾಡುವವರ ಕಡೆ ನೋಡದೆ ಹೆಣೆಯುತ್ತಲೇ ಕೊನೇ ಸಾಲಿಗೆ ದನಿ ಸೇರಿಸುತ್ತಿದ್ದರು. ಬಿಡುವಿನಲ್ಲಿ ಪ್ರಿಂಟ್ ತೋರಿಸಿದೆ. ಬಸುರಿನ ವಿಷಯ, ದೆವ್ವದ ವಿಷಯ ಎಲ್ಲ ಬಿಟ್ಟುಹೋಗಿದೆ ನೋಡಿ ಅಂದೆ. ಅವರು ಕನ್ನಡಕ ಮೇಲೆತ್ತಿ ನಿಧಾನಕ್ಕೆ ಓದಿದರು. ಆಮೇಲೆ ಹೇಳಿದರು:

“ನಮ್ಮಮ್ಮ ಪಾತ್ರೆ ತೊಳೆಯುತ್ತಾ ಈ ಹಾಡು ಹಾಡುತ್ತಿದ್ದರು. ಬಸುರಿಯ ಪದ್ಯ ಅವರ ಬಾಯಲ್ಲಿ ಕೇಳಿದ ನೆನಪಿಲ್ಲ. ಆದರೆ ಅವಳು ಬಸುರಿ ಅಂತ ನಮಗೆಲ್ಲ ಗೊತ್ತಿತ್ತಮ್ಮ. ಮದುವೆಗೆ ಮೊದಲು ಅವನು ಕರೆದ ಅಂತ ಅಷ್ಟು ಬೇಗ ಹೊರಟಳಲ್ಲ. ಇನ್ನೇನು ಇರುತ್ತೆ?”

“ಯಾರೂ ಹೇಳಿಕೊಟ್ಟಿರಲಿಲ್ಲವಾ?”

“ಅದನ್ನ ಹೇಳಿಕೊಡಬೇಕಾ?” ಅಂದರು. ಮತ್ತೆ ಹೆಣಿಗೆ ಹಿಡಿದರು.

ಫೆರಿಯಲ್ಲಿ ಬರುವಾಗ ನನ್ನ ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಮುದ್ರಕರು ಕತ್ತರಿಸಿದ್ದು ನಿಜ. ಆದರೆ ಅಡುಗೆಮನೆಯಲ್ಲಿ, ತೊಟ್ಟಿಲ ಪಕ್ಕದಲ್ಲಿ ಇದನ್ನು ಕೈದಾಟಿಸಿಕೊಂಡು ಬಂದವರು ಹೆಚ್ಚಾಗಿ ಹೆಂಗಸರು. ಅವರಿಗೆ ಕಾರಣ ಬಿಟ್ಟುಹೋಗಿರಲಿಲ್ಲ. ಹಾಡಿನಿಂದ ಇಳಿದು ಅದು ಕೇಳುವವರ ಹೊಟ್ಟೆಯಲ್ಲಿ ಕೂತಿತ್ತು. ಬಾಯಿಬಿಟ್ಟು ಹೇಳಿದರೆ ಮಕ್ಕಳ ಮುಂದೆ, ಗಂಡಸರ ಮುಂದೆ ಹಾಡಲಾಗುತ್ತಿರಲಿಲ್ಲ. ಹೇಳದಿದ್ದರಿಂದಲೇ ಹಾಡು ಮನೆಯೊಳಗೆ ಉಳಿಯಿತು. ಹಾಗಂತ ನನಗೆ ಪೂರ್ತಿ ಸಮಾಧಾನ ಆಗಿಲ್ಲ. ಗೊತ್ತಿದ್ದವರು ಹೋದ ಮೇಲೆ ಏನು? ನನ್ನ ಹಾಗೆ ಹೊರಗಿನಿಂದ ಬಂದವಳಿಗೆ, ಆ ಕೋಣೆಯ ಇಪ್ಪತ್ತು ವರ್ಷದ ಹುಡುಗರಿಗೆ ಉಳಿದಿರುವುದು ಕೊಲ್ಲುವವನು ಮತ್ತು ಸಾಯುವವಳು ಮಾತ್ರ.

ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಎಂಟೋ ಒಂಬತ್ತೋ ವರ್ಷ ಇದ್ದಾಗಿನ ಒಂದು ಬೆಳಿಗ್ಗೆ ನೆನಪಾಯಿತು. ಹಾಸನದ ಕಡೆ ಅಜ್ಜಿಯ ಊರು. ಬಾವಿಯ ಸುತ್ತ ಜನ. ನಮ್ಮನ್ನು ಮಕ್ಕಳನ್ನೆಲ್ಲ ಹಿತ್ತಿಲಿಗೆ ಓಡಿಸಿದರು. ಏನಾಯ್ತಜ್ಜಿ ಅಂತ ಕೇಳಿದೆ. ಅಜ್ಜಿ ಒಲೆಗೆ ಸೌದೆ ಒಟ್ಟುತ್ತಾ “ನೀರಿಗೆ ಹೋಗಿ ಕಾಲು ಜಾರಿ ಬಿದ್ದಳು ಕಣೇ” ಅಂದರು. ಅಡುಗೆಮನೆಯಲ್ಲಿದ್ದ ಹೆಂಗಸರೆಲ್ಲ ಸುಮ್ಮನಾದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಅದನ್ನು ಹಾಗೇ ನಂಬಿದೆ. ಬಾವಿಕಟ್ಟೆಯಲ್ಲಿ ಪಾಚಿ ಇತ್ತು, ಜಾರುವುದು ಸಹಜ ಅಂದುಕೊಂಡೆ. ಆ ಮಾತಿಗೆ ಇನ್ನೊಂದು ಅರ್ಥ ಇದೆ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಗೊತ್ತಾದಾಗಲೂ ಆ ಬೆಳಗಿನ ಜತೆ ಅದನ್ನು ಸೇರಿಸಿ ನೋಡಿರಲಿಲ್ಲ.

ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಕೇಳಿದೆ. ಅಜ್ಜಿ ಊರಲ್ಲಿ ಬಾವಿಗೆ ಬಿದ್ದ ಹುಡುಗಿ ನೆನಪಿದೆಯಾ ಅಂತ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಕಡೆ ಕುಕ್ಕರ್ ಕೂಗಿತು. ಹೋಗಿ ಒಲೆ ಆರಿಸಿ ಬಂದರು.

“ಅದ್ಯಾಕೆ ಈಗ?” ಅಂದರು.

“ಸುಮ್ನೆ. ನೀರು ಸೇದಕ್ಕೆ ಹೋಗಿದ್ದಳಂತಲ್ಲ.”

“ಎಲ್ಲಿ ನೀರು? ಬಿಂದಿಗೆ, ಹಗ್ಗ ಎರಡೂ ಮನೇಲೇ ಇತ್ತು ಕಣೇ.”